ವಸಡು ಬಣ್ಣದ ಡಬ್ಬಿ

ನನ್ನ ಚಿಕ್ಕಪ್ಪ ಹಲ್ಲು ಕಟ್ಟುವವರು. ಹಾಗಂದ ತಕ್ಷಣ ಜನ ಬಾಯಿ ತೆರೆದು ತೋರಿಸಲು ಶುರುಮಾಡುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಅವರು ಡಾಕ್ಟರಲ್ಲ. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಚಿಕ್ಕಪ್ಪ ಅದರೊಳಗೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ವಸಡು ತೀಡಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ಕೊನೆಗೆ ಮೇಣದ ಜಾಗಕ್ಕೆ ಗುಲಾಬಿ ಅಕ್ರಿಲಿಕ್ ತುಂಬಿ ಬೇಯಿಸಿ ಸೆಟ್ಟು ಮಾಡಿ ಕೊಡುತ್ತಾರೆ. ಮನೆಯ ಹಿಂದಿನ ಕೋಣೆಯೇ ಲ್ಯಾಬು. ನಾನು ಅವರ ಅಣ್ಣನ ಮಗಳು. ಅದೇ ಲ್ಯಾಬಿನಲ್ಲಿ ಸೆಟ್ಟಿನ ಅಂಚು ಉಜ್ಜಿ ಹೊಳಪು ಕೊಡುವ ಕೆಲಸ ನನ್ನದು. ಬೇರೆಯವರ ನಗು ಉಜ್ಜಿ ಉಜ್ಜಿ ನನ್ನ ಮುಖದಲ್ಲಿ ನಗು ಉಳಿದಿಲ್ಲ ಎಂದು ಚಿಕ್ಕಮ್ಮ ಹೇಳುತ್ತಿರುತ್ತಾರೆ. ಅದಕ್ಕೆ ಕಾರಣ ಸೆಟ್ಟುಗಳಲ್ಲ, ಅವರ ಗಂಡ.

ಚಿಕ್ಕಪ್ಪನಿಗೆ ಗಾಳಿಯೆಂದರೆ ಆಗುವುದಿಲ್ಲ. ಮೇಲಿನ ಸೆಟ್ಟು ಬಾಯಲ್ಲಿ ನಿಲ್ಲುವುದು ಅಂಟಿನಿಂದಲ್ಲ, ಮೊಳೆಯಿಂದಂತೂ ಅಲ್ಲವೇ ಅಲ್ಲ. ಅಂಗುಳಿಗೂ ಸೆಟ್ಟಿಗೂ ನಡುವೆ ಗಾಳಿ ನುಗ್ಗದಿದ್ದರೆ ಅದು ತಾನಾಗಿ ಕಚ್ಚಿಕೊಂಡು ನಿಲ್ಲುತ್ತದೆ. ಕೂದಲೆಳೆಯಷ್ಟು ಸಂದಿ ಇದ್ದರೂ ಮಾತಿನ ನಡುವೆ ಕಳಚಿ ಬೀಳುತ್ತದೆ. ಹೀಗಾಗಿ ಸೆಟ್ಟು ತಯಾರಾದ ಮೇಲೆ ಚಿಕ್ಕಪ್ಪ ಅದನ್ನು ಒದ್ದೆ ಮಾಡಿ, ಅರಗು ಹಚ್ಚಿದ ಪ್ಲಾಸ್ಟರ್ ಅಂಗುಳಿಗೆ ಒತ್ತಿ, ಮುಂದಿನ ಹಲ್ಲು ಹಿಡಿದು ಮೇಲಕ್ಕೆತ್ತುತ್ತಾರೆ. ಪ್ಲಾಸ್ಟರೂ ಜೊತೆಗೇ ಎದ್ದು ಬಂದರೆ ಸೆಟ್ಟು ಪಾಸು. ಬರದಿದ್ದರೆ ಅವತ್ತು ನನ್ನ ಗ್ರಹಚಾರ, ಅಂಚು ಹೆಚ್ಚು ಉಜ್ಜಿದವಳು ನಾನೇ ಎಂದು ತೀರ್ಮಾನವಾಗುತ್ತದೆ. ಈ ಚಟ ಲ್ಯಾಬಿನಲ್ಲೇ ನಿಂತಿದ್ದರೆ ಪರವಾಗಿರಲಿಲ್ಲ. ಮನೆಯ ಕಿಟಕಿಗಳ ಸಂದಿಗೆಲ್ಲ ಮೇಣ ತುಂಬಿದ್ದಾರೆ. ಸಕ್ಕರೆ ಡಬ್ಬಿಯ ಮುಚ್ಚಳದ ಒಳಗೆ ಗುಲಾಬಿ ಬಳೆಯೊಂದನ್ನು ಕೂರಿಸಿದ್ದಾರೆ. ಅದನ್ನು ತೆಗೆಯಲು ಒಬ್ಬರು ಡಬ್ಬಿ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಮುಚ್ಚಳ ತಿರುವಬೇಕು. ನಮ್ಮ ಮನೆಯಲ್ಲಿ ಒಬ್ಬರೇ ಇದ್ದಾಗ ಕಾಫಿಗೆ ಸಕ್ಕರೆ ಇಲ್ಲ.

ಅವರ ಕೈಚಳಕಕ್ಕೆ ಸಾಕ್ಷಿ ಬೇಕಾದರೆ ಚಿಕ್ಕಮ್ಮ ಪಾಠ ಮಾಡುವ ಶಾಲೆಯ ಹೆಡ್‌ಮಾಸ್ಟರನ್ನು ನೋಡಬೇಕು. ಮೊದಲು ಅವರು ಬೇರೆಲ್ಲೋ ಕಟ್ಟಿಸಿಕೊಂಡಿದ್ದ ಸೆಟ್ಟು ಶಿಸ್ತಿನ ಬಗ್ಗೆ ಭಾಷಣ ಮಾಡುವಾಗ ಬಾಯಿಂದ ಹಾರಿ ಮೊದಲ ಸಾಲಿನ ಮಕ್ಕಳ ಮುಂದೆ ಬಿದ್ದಿತ್ತಂತೆ. ಚಿಕ್ಕಪ್ಪ ಹೊಸದು ಕಟ್ಟಿಕೊಟ್ಟ ಮೇಲೆ ಅವರು ಕೂಗಾಡುವುದು, ಕಡಲೆ ಅಗಿಯುವುದು, ಸೀನುವುದು ಎಲ್ಲವನ್ನೂ ನಿಶ್ಚಿಂತೆಯಿಂದ ಮಾಡುತ್ತಾರೆ. ಎಲ್ಲಿ ಸಿಕ್ಕರೂ ಚಿಕ್ಕಪ್ಪನ ಎರಡೂ ಕೈ ಹಿಡಿದುಕೊಳ್ಳುತ್ತಾರೆ. ಚಿಕ್ಕಪ್ಪ ಅವರ ಕಣ್ಣು ನೋಡುವುದಿಲ್ಲ, ಹಲ್ಲು ನೋಡುತ್ತಾರೆ.

ಇನ್ನು ಕಾರು. ಬೂದು ಬಣ್ಣದ ಹಳೇ ಕಾರು. ಅದು ಬೀದಿಯಲ್ಲಿ ಹೊರಟರೆ ಎದುರುಮನೆಯವರು ಒಣಗಲು ಹಾಕಿದ ಬಟ್ಟೆ ಎತ್ತಿಕೊಳ್ಳಲು ಓಡುತ್ತಿದ್ದರು. ಹಿಂದೆ ನೀಲಿ ಹೊಗೆ, ಒಳಗೆ ಸುಟ್ಟ ಆಯಿಲಿನ ವಾಸನೆ. ಮೂಗು ಮುಚ್ಚಿಕೊಂಡರೆ ಬಾಯಿಗೆ ರುಚಿ ಹತ್ತುತ್ತಿತ್ತು. ನಾನು ಅದರಲ್ಲಿ ಕೂತು ಗೆಳತಿಯ ಮನೆಗೆ ಹೋದಾಗ ಅವಳ ಅಮ್ಮ ಒಳಗಿನಿಂದಲೇ "ಸ್ಟವ್ ಆರಿಸಿದ್ದೀಯೇನೇ?" ಎಂದು ಕೂಗಿದ್ದರು. ಚಿಕ್ಕಪ್ಪನಿಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ. ಅಕ್ರಿಲಿಕ್ಕಿನ ಘಾಟಿನಲ್ಲಿ ಬದುಕಿದ ಅವರ ಮೂಗು ಎಂದೋ ರಾಜೀನಾಮೆ ಕೊಟ್ಟಿತ್ತು.

ಚಿಕ್ಕಮ್ಮ ಡ್ರಾಯಿಂಗ್ ಟೀಚರು. ಬಣ್ಣದ ಕಣ್ಣು, ಚುರುಕು ಮೂಗು. ಕೆನೆಬಣ್ಣದ ಉಣ್ಣೆ ಶಾಲೊಂದರ ಅಂಚಿಗೆ ರಜೆಯೆಲ್ಲ ಕೂತು ತಾವೇ ಎಲೆ ಬಳ್ಳಿ ಕಸೂತಿ ಹಾಕಿಕೊಂಡಿದ್ದರು. ಒಂದು ಸಂಜೆ ಕಾರಿನಿಂದ ಇಳಿದು ಆ ಶಾಲನ್ನು ಮೂಸಿ ನೋಡಿ, ಮಡಚಿ, ತುಟಿಪಿಟಕ್ಕೆನ್ನದೆ ಒಳಗೆ ಹೋದರು. ಮರುದಿನದಿಂದ ಬಸ್ಸು. ಚಿಕ್ಕಪ್ಪ ಬೇಡಿದರು, ರೇಗಿದರು, ಊಟ ಬಿಟ್ಟರು. ಮಧ್ಯಾಹ್ನ ಬಿಟ್ಟ ಊಟವನ್ನು ಸಂಜೆ ಸೇರಿಸಿ ಮಾಡಿದರು. ಯಾವುದಕ್ಕೂ ಚಿಕ್ಕಮ್ಮ ಜಗ್ಗಲಿಲ್ಲ. ಆಮೇಲೆ ಚಿಕ್ಕಪ್ಪ ಹೊಸ ದಾರಿ ಹಿಡಿದರು. ಬೆಳಿಗ್ಗೆ ಚಿಕ್ಕಮ್ಮನ ಬಸ್ಸು ಹೊರಟರೆ ಇವರ ಕಾರೂ ಅದರ ಹಿಂದೆಯೇ ಶಾಲೆಯವರೆಗೆ ಹೋಗುತ್ತಿತ್ತು. ಒಂದು ವೇಳೆ ಬಸ್ಸು ಕೈಕೊಟ್ಟರೆ ಅವಳು ನಡುರಸ್ತೆಯಲ್ಲಿ ನಿಲ್ಲಬಾರದಲ್ಲ ಎಂದು ನೆಪ. ಬಸ್ಸು ಒಂದು ದಿನವೂ ಕೈಕೊಡಲಿಲ್ಲ. ನನ್ನ ಪ್ರಕಾರ ಹಿಂದೆ ಬರುತ್ತಿದ್ದ ಹೊಗೆಗೆ ಹೆದರಿ ಅದು ಚೆನ್ನಾಗಿ ಓಡುತ್ತಿತ್ತು.

ಹೀಗಿರುವಾಗ ಚಿಕ್ಕಮ್ಮನ ನಿವೃತ್ತಿ ಹತ್ತಿರ ಬಂತು. ಶಾಲೆಯಲ್ಲಿ ಬೀಳ್ಕೊಡುಗೆ ಎಂದು ಗೊತ್ತಾದ ದಿನ ಚಿಕ್ಕಪ್ಪ ಊಟದ ಮೇಜಿನ ಮೇಲೆ ಚಮಚ ಇಟ್ಟು, ಗಂಟಲು ಸರಿಮಾಡಿಕೊಂಡರು.

"ನೋಡು, ಕಡೇ ದಿನ ನೀನು ಬಸ್ಸಲ್ಲಿ ಬರೋದು ಬೇಡ. ನಾನೇ ಕಾರು ತಂದು ಗೇಟಿನ ಮುಂದೆ ನಿಲ್ಲಿಸ್ತೀನಿ. ಎಲ್ಲರೂ ನೋಡ್ತಿರಬೇಕು, ನೀನು ಹತ್ತಿ ಮುಂದೆ ಕೂರಬೇಕು."

"ವಾಸನೆ ಬರದಿದ್ರೆ ಕೂರ್ತೀನಿ ರೀ," ಅಂದರು ಚಿಕ್ಕಮ್ಮ. "ಬಂತೋ, ಎಲ್ಲರೂ ನೋಡ್ತಿದ್ದ ಹಾಗೇ ಬಸ್‌ಸ್ಟಾಪಿಗೆ ನಡೀತೀನಿ. ಆಮೇಲೆ ಮುಖ ಊದಿಸ್ಕೋಬೇಡಿ."

ಚಿಕ್ಕಪ್ಪ ಚಮಚ ಎತ್ತಿಕೊಂಡರು, ಆದರೆ ಏನೂ ತಿನ್ನಲಿಲ್ಲ. ಇಷ್ಟು ವರ್ಷ ಜೊತೆಗಿದ್ದ ಹೆಂಡತಿ ಊರೆದುರು ತಮ್ಮ ಕಾರು ಬಿಟ್ಟು ಬಸ್ಸು ಹತ್ತುವುದನ್ನು ಅವರು ಆಗಲೇ ಕಣ್ಣೆದುರು ನೋಡುತ್ತಿದ್ದರೆಂದು ಮುಖ ಹೇಳುತ್ತಿತ್ತು. ನನಗೆ ಅವರ ಮೇಲೆ ಸಿಟ್ಟು ಬರುವುದೇ ಹೆಚ್ಚು, ಆದರೆ ಆವತ್ತು ಪಾಪ ಅನ್ನಿಸಿತು.

ಮರುದಿನ ಕಾರು ಗ್ಯಾರೇಜಿಗೆ ಹೋಯಿತು. ನಮ್ಮ ಗ್ಯಾರೇಜಿನವನಿಗೆ ಬೀದಿಯವರೆಲ್ಲ ಇಟ್ಟ ಹೆಸರು ಬಿಚ್ಚೋಣ. ಏನು ಕೇಳಿದರೂ "ಬಿಚ್ಚಿ ನೋಡೋಣ ಸಾರ್" ಅನ್ನುವುದು ಅವನ ರೂಢಿ. ಹಾರ್ನು ಕೂಗದಿದ್ದರೂ ಎಂಜಿನ್ ಬಿಚ್ಚುತ್ತಾನೆ. ಅವನ ಅಂಗಡಿಯ ಗೋಡೆ ಗಡಿಯಾರ ನಿಂತಾಗ ಅದನ್ನೂ ಬಿಚ್ಚಿದ್ದ. ಈಗ ಅಲ್ಲಿ ಬರೀ ಮುಳ್ಳುಗಳು ಮೊಳೆಗೆ ತೂಗುತ್ತಿವೆ.

ಆದರೂ ಅವನು ರೋಗವನ್ನು ಸರಿಯಾಗಿಯೇ ಹೇಳಿದ. ಪಿಸ್ಟನ್ನಿನ ರಿಂಗುಗಳು ಸವೆದಿವೆ. ಮೇಲೆ ಉರಿದ ಹೊಗೆ ಆ ಸಂದಿಯಲ್ಲಿ ಇಳಿದು, ಕೆಳಗೆ ಆಯಿಲ್ ಇರುವ ಎಂಜಿನ್ನಿನ ಹೊಟ್ಟೆ ಸೇರುತ್ತಿದೆ. ಹೊಟ್ಟೆಗೆ ಸೇರಿದ್ದು ಹೊರಗೆ ಬರಬೇಕು, ಅದಕ್ಕೆಂದೇ ಎಂಜಿನ್ನಿನ ತಲೆಯಿಂದ ಒಂದು ರಬ್ಬರ್ ಪೈಪು ಹೊರಟು, ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಗೆ ಸೇರಿರುತ್ತದೆ. ತಾನು ತೇಗಿದ್ದನ್ನು ತಾನೇ ನುಂಗಿ ಮತ್ತೆ ಸುಡುವ ಏರ್ಪಾಡು. ನಮ್ಮ ಕಾರಿನ ತೇಗಿನ ಜೊತೆ ಆಯಿಲಿನ ಹನಿಗಳೂ ಹೋಗುತ್ತಿದ್ದವು. ಅದಕ್ಕೇ ಆ ನೀಲಿ ಹೊಗೆ.

"ಬಿಚ್ಚೋಣ ಸಾರ್. ರಿಂಗು ಹೊಸದು ಹಾಕೋಣ," ಅಂದ.

"ಬೀಳ್ಕೊಡುಗೆ ಹೊತ್ತಿಗೆ ಕೊಡ್ತೀಯಾ?"

"ಯಾರ ಬೀಳ್ಕೊಡುಗೆ? ಬಿಚ್ಚಿದ ಮೇಲೆ ಗೊತ್ತಾಗುತ್ತೆ ಸಾರ್."

ಚಿಕ್ಕಪ್ಪ ಗಡಿಯಾರದ ಮುಳ್ಳುಗಳನ್ನು ನೋಡಿದರು. "ಬಿಚ್ಚದೇ ಏನಾದ್ರೂ ಮಾಡೋಕಾಗಲ್ವಾ?" ಅಂದರು. ಆಗ ಅವನು ಬೇಸರದಿಂದಲೇ ಇನ್ನೊಂದು ಉಪಾಯ ಹೇಳಿದ. ಆ ಪೈಪನ್ನು ನಡುವೆ ಕತ್ತರಿಸಿ ಒಂದು ಡಬ್ಬಿ ಇಡುವುದು. ಎಂಜಿನ್ನಿನ ಉಸಿರು ಒಂದು ಕಡೆಯಿಂದ ಡಬ್ಬಿಗೆ ಬರುತ್ತದೆ, ಒಳಗೆ ತುಂಬಿದ ಸ್ಟೀಲ್ ನಾರಿಗೆ ತಾಗಿ ಆಯಿಲು ಅಲ್ಲೇ ಇಳಿಯುತ್ತದೆ, ಉಳಿದ ಗಾಳಿ ಇನ್ನೊಂದು ಕಡೆಯಿಂದ ಹೋಗುತ್ತದೆ. ಬಿಚ್ಚುವ ಸುಖವಿಲ್ಲದ ಕೆಲಸವಾದ್ದರಿಂದ ಬಿಚ್ಚೋಣ ಅದನ್ನು ತಾನು ಮಾಡುವುದಿಲ್ಲ ಎಂದ. ಚಿಕ್ಕಪ್ಪನಿಗೆ ಬೇಕಾಗಿದ್ದದ್ದೂ ಅದೇ.

ಮೊದಲ ಡಬ್ಬಿ ನಮ್ಮ ಅಡುಗೆಮನೆಯ ಜಾಮ್ ಬಾಟಲಿ. ಅದರೊಳಗೆ ಪಾತ್ರೆ ಉಜ್ಜುವ ಹೊಸ ಸ್ಟೀಲ್ ನಾರು. ಸಿಂಕಿನ ಹತ್ತಿರ ನಾರು ಕಾಣದೆ ನಾನು ಮನೆಯೆಲ್ಲ ಹುಡುಕಿದೆ. ಚಿಕ್ಕಪ್ಪನ ಮುಖದಲ್ಲಿ ಆ ವಿಷಯವೇ ಗೊತ್ತಿಲ್ಲದ ಮುಗ್ಧತೆ ಇತ್ತು, ಅಂದರೆ ಎಲ್ಲ ಗೊತ್ತಿತ್ತು ಎಂದರ್ಥ. ಬಾಟಲಿ ಮಾರ್ಕೆಟ್ಟು ತಲುಪುವ ಮೊದಲೇ ಒಂದು ಗುಂಡಿಗೆ ಇಳಿದ ಏಟಿಗೆ ಚೂರಾಯಿತು. ಚಿಕ್ಕಪ್ಪ ಎದೆಗುಂದಲಿಲ್ಲ. ಗಾಜು ಪರರ ವಸ್ತು, ತನ್ನ ಕೈಗೆ ಒಗ್ಗಿದ್ದು ಬೇರೆ ಇದೆಯಲ್ಲ ಎಂದುಕೊಂಡು ಲ್ಯಾಬಿಗೆ ಹೋದರು.

ಎರಡನೆಯ ಡಬ್ಬಿಯನ್ನು ನಾನೇ ಉಜ್ಜಿ ಹೊಳಪು ಕೊಟ್ಟೆ, ಆದ್ದರಿಂದ ಅದರ ಬಗ್ಗೆ ಮಾತಾಡುವ ಹಕ್ಕು ನನಗಿದೆ. ಅದು ಪೂರಾ ವಸಡಿನ ಬಣ್ಣದ್ದು. ಚಿಕ್ಕಪ್ಪ ಮೇಣದಲ್ಲಿ ರೂಪ ಮಾಡುವಾಗ ಅಭ್ಯಾಸಬಲದಿಂದ ಹೊರಮೈಗೆ ವಸಡಿನ ಸಣ್ಣ ಸಣ್ಣ ಉಬ್ಬುಗಳನ್ನೂ ಕೆತ್ತಿದ್ದರು, ಕೆಂಪು ನರಗಳ ಹಾಗೆ ಕಾಣಲು ಬಳಸುವ ಎಳೆಗಳನ್ನೂ ಸೇರಿಸಿದ್ದರು. ನೋಡಿದರೆ ಈಗಲೋ ಆಗಲೋ ಅದಕ್ಕೆ ಹಲ್ಲು ಮೊಳೆಯುತ್ತದೆ ಅನ್ನಿಸುತ್ತಿತ್ತು. ಎಂಜಿನ್ನಿನ ಪಕ್ಕ ತಗಡಿನ ಪಟ್ಟಿ ಬಿಗಿದು ಅದನ್ನು ಕೂರಿಸಿದರು. ಬಿಚ್ಚೋಣ ಬಾನೆಟ್ಟಿನೊಳಗೆ ಇಣುಕಿ, ಒಂದು ಹೆಜ್ಜೆ ಹಿಂದೆ ಸರಿದು, "ಸಾರ್, ಇದು ಕಚ್ಚಲ್ಲ ತಾನೆ?" ಅಂದ.

ಹೇಳಬೇಕಾದ್ದನ್ನು ಹೇಳುತ್ತೇನೆ, ಡಬ್ಬಿ ಕೆಲಸ ಮಾಡಿತು. ಹೊಗೆ ಬಹುಪಾಲು ನಿಂತಿತು. ಡಬ್ಬಿಯ ತಳದಲ್ಲಿ ಆಯಿಲೂ ನೀರಾವಿಯೂ ಬೆರೆತು ಕಾಫಿಯ ನೊರೆಯಂಥದ್ದೊಂದು ಸಂಗ್ರಹವಾಯಿತು. ಚಿಕ್ಕಪ್ಪ ಉಬ್ಬಿಹೋದರು. ಅದನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಲ್ಯಾಬಿನ ಕಪಾಟಿನಲ್ಲಿ ಸೆಟ್ಟುಗಳ ಪಕ್ಕ ಇಟ್ಟು, ಬಂದವರಿಗೆಲ್ಲ ತೋರಿಸತೊಡಗಿದರು. ಅಚ್ಚು ತಂದುಕೊಟ್ಟ ಡಾಕ್ಟರ ಕಾಂಪೌಂಡರು ಅದು ತನಗೆಂದೇ ಇಟ್ಟ ಕಾಫಿ ಎಂದು ಲೋಟಕ್ಕೆ ಕೈಹಾಕಿದ್ದ. ನಾನು ಕೂಗಿದ ಕೂಗಿಗೆ ಅವನು ತಂದ ಅಚ್ಚನ್ನೇ ಕೆಳಗೆ ಹಾಕಿದ. ಆ ರೋಗಿ ಮತ್ತೊಮ್ಮೆ ಬಾಯಿ ತೆರೆಯಬೇಕಾಯಿತು.

ಇನ್ನು ಪರೀಕ್ಷೆ. ಚಿಕ್ಕಮ್ಮ ತಾವು ಬರಲಿಲ್ಲ, ಶಾಲನ್ನು ಕಳಿಸಿದರು. "ಶಾಲು ಒಂದು ಸುತ್ತು ಹೋಗಿಬರಲಿ. ಅದರ ಮಾತು ನಾನು ಕೇಳ್ತೀನಿ," ಅಂದರು. ಚಿಕ್ಕಪ್ಪ ಅದನ್ನು ಮುಂದಿನ ಸೀಟಿನಲ್ಲಿ ಮಡಚಿ ಕೂರಿಸಿ, ಬೆಲ್ಟನ್ನೂ ಹಾಕಿ, ಬೀದಿ ಸುತ್ತಿ ಬಂದರು. ಚಿಕ್ಕಮ್ಮ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಮೂಸಿದರು. ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತೆವು.

"ಕಮ್ಮಿಯಾಗಿದೆ."

"ನೋಡಿದ್ಯಾ!"

"ಕಮ್ಮಿ ಆಗಿದೆ ಅಂದೆ, ಹೋಗಿದೆ ಅನ್ನಲಿಲ್ಲ."

ಚಿಕ್ಕಪ್ಪ ಲ್ಯಾಬಿಗೆ ಹೋಗಿ ಕುರ್ಚಿಯಲ್ಲಿ ಕುಕ್ಕರಿಸಿದರು. ಉಳಿದ ಆ ಚೂರು ವಾಸನೆ ಎಲ್ಲಿಂದ ಬರುತ್ತಿದೆ ಎಂದು ಅವರಿಗೆ ತಲೆ ಕೆಟ್ಟುಹೋಯಿತು. ಕಾರಿಗೂ ಲ್ಯಾಬಿಗೂ ಓಡಾಡಿ, ಪೈಪಿನ ಕೀಲುಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿ, ಕೊನೆಗೆ ಬೀಳ್ಕೊಡುಗೆಯ ಹಿಂದಿನ ದಿನ ಬೆಳಿಗ್ಗೆ ಮುಖ ಅರಳಿಸಿಕೊಂಡು ಬಂದರು.

"ಸಿಕ್ತು ಕಣೇ! ಡಬ್ಬಿಗೆ ಎರಡು ತೂತು ಯಾಕೆ? ಒಂದರಿಂದ ಬರುತ್ತೆ, ಇನ್ನೊಂದರಿಂದ ಹೋಗುತ್ತೆ. ಹೋಗೋ ತೂತಿನಿಂದಲೇ ವಾಸನೆ. ಅದನ್ನ ಮುಚ್ಚಿಬಿಟ್ರೆ?"

"ಮುಚ್ಚಿದ್ರೆ ಗಾಳಿ ಎಲ್ಲಿಗೆ ಹೋಗುತ್ತೆ ಚಿಕ್ಕಪ್ಪಾ?"

"ಎಲ್ಲಿಗೂ ಹೋಗಲ್ಲ. ಡಬ್ಬೀಲೇ ಬಿದ್ದಿರುತ್ತೆ. ಬಿಗಿಯಾಗಿದ್ರೆ ಎಲ್ಲಾ ನಿಂತಲ್ಲೇ ನಿಲ್ಲುತ್ತೆ. ನೀನು ಇಷ್ಟು ವರ್ಷ ಇಲ್ಲಿ ಏನು ಕಲಿತೆ?"

ನಾನು ಕಲಿತದ್ದು ಅವರೊಂದಿಗೆ ವಾದ ಮಾಡಬಾರದು ಎಂದು. ಸುಮ್ಮನೆ ಅಕ್ರಿಲಿಕ್ ಕಲಸಿಕೊಟ್ಟೆ. ಅವರು ಡಬ್ಬಿಯ ಹೊರಹೋಗುವ ಬಾಯಿಗೆ ಗುಲಾಬಿ ಬಿರಡೆ ಹಾಕಿದರು. ಗಾಳಿ ಎಳೆಯುವ ಕಡೆ ಉಳಿದ ಪೈಪಿನ ತುದಿಗೆ ಇನ್ನೊಂದು ಬಿರಡೆ. ಎಂಜಿನ್ನಿಗೆ ಆಯಿಲ್ ಹುಯ್ಯುವ ಮುಚ್ಚಳದ ಕೆಳಗೆ ನಮ್ಮ ಸಕ್ಕರೆ ಡಬ್ಬಿಯಲ್ಲಿದ್ದಂಥದೇ ಗುಲಾಬಿ ಬಳೆ. ಆಮೇಲೆ ಪೈಪಿನ ತುದಿಗೆ ಬಾಯಿಟ್ಟು ಎಳೆದು, ಪೈಪು ನಾಲಿಗೆಗೆ ಕಚ್ಚಿಕೊಂಡು ನಿಂತದ್ದನ್ನು ತೋರಿಸಿದರು. "ಅಆ! ಆಯು!" ಅಂದರು. "ಹಾಂ, ಪಾಸು" ಅಂದರೆಂದು ಆಮೇಲೆ ತಿಳಿಯಿತು.

ಮತ್ತೆ ಶಾಲಿನ ಸವಾರಿ. ಬೀದಿ ಚಿಕ್ಕದು, ಚಿಕ್ಕಪ್ಪ ಮೆರವಣಿಗೆಯ ವೇಗದಲ್ಲಿ ಹೋಗಿಬಂದರು. ಚಿಕ್ಕಮ್ಮ ಮೂಸಿದರು. ತಿರುಗಿಸಿ ಮೂಸಿದರು. ಕಸೂತಿಯ ಎಲೆಗಳನ್ನು ಒಂದೊಂದಾಗಿ ಮೂಸಿದರು. ಬೇಸರವೋ ಸಂತೋಷವೋ ತಿಳಿಯದ ದನಿಯಲ್ಲಿ "ಏನೂ ಇಲ್ಲ" ಅಂದರು. ಚಿಕ್ಕಪ್ಪ ಆ ಸಂಜೆ ಕಾರು ತೊಳೆದರು. ಟೈರುಗಳಿಗೆ ಸೆಟ್ಟಿಗೆ ಹಾಕುವ ಪಾಲಿಶ್ ಹಾಕಿದರು. ಅವರು ಹಾಡು ಗುನುಗುವುದನ್ನು ನಾನು ಮೊದಲ ಸಲ ಕೇಳಿದೆ. ಮತ್ತೆ ಕೇಳುವ ಆಸೆ ಇಲ್ಲ.

ಬೀಳ್ಕೊಡುಗೆಯ ದಿನ ನಾನೂ ಕಾರಿನ ಹಿಂದಿನ ಸೀಟಿನಲ್ಲಿದ್ದೆ. ಚಿಕ್ಕಮ್ಮ ಬೆಳಿಗ್ಗೆ ಕೊನೆಯ ಸಲ ಎಂದು ಬಸ್ಸಲ್ಲೇ ಹೋಗಿದ್ದರು. ನಾವು ಸಭೆ ಮುಗಿಯುವ ಹೊತ್ತಿಗೆ ಗೇಟಿನ ಮುಂದೆ ಬಂದು ನಿಂತೆವು. ದಾರಿ ಉದ್ದದ್ದು, ನಡುವೆ ಏರು ಬೇರೆ. ಎಂಜಿನ್ನು ಹೊಟ್ಟೆ ಉಬ್ಬರಿಸಿಕೊಂಡವರ ಹಾಗೆ ಗುರುಗುಟ್ಟುತ್ತಿತ್ತು. ವಾಸನೆ ಮಾತ್ರ ಎಳ್ಳಷ್ಟೂ ಇಲ್ಲ. ಚಿಕ್ಕಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕಾರಿಗೆ ಒರಗಿ ನಿಂತರು. ಎಂಜಿನ್ನು ಆರಿಸಲಿಲ್ಲ. ಎಷ್ಟು ಹೊತ್ತು ನಿಂತು ಉರಿದರೂ ಹೊಗೆಯಿಲ್ಲ ಎಂದು ನೋಡುವವರು ನೋಡಲಿ ಎಂಬುದು ಅವರ ಲೆಕ್ಕ.

ಹೆಡ್‌ಮಾಸ್ಟರು, ಟೀಚರುಗಳು, ಮಕ್ಕಳು ಎಲ್ಲರೂ ಚಿಕ್ಕಮ್ಮನನ್ನು ಗೇಟಿನವರೆಗೆ ಕರೆತಂದರು. ಚಿಕ್ಕಮ್ಮನ ಕಣ್ಣು ಅತ್ತು ಕೆಂಪಾಗಿತ್ತು, ಹೆಗಲ ಮೇಲೆ ಆ ಶಾಲು. ಚಿಕ್ಕಪ್ಪ ಬಾಗಿಲು ತೆರೆದು ಹಿಡಿದರು. ಚಿಕ್ಕಮ್ಮ ಮುಖ ಒಳಗೆ ಹಾಕಿ ಮೂಸಿ ನೋಡಿ, ಒಂದು ಕಾಲು ಎತ್ತಿಯೂ ಇಟ್ಟರು. ಅಲ್ಲಿಗೆ ಬಿಟ್ಟಿದ್ದರೆ ಎಲ್ಲವೂ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಹೆಡ್‌ಮಾಸ್ಟರು ಎಂದಿನಂತೆ ಚಿಕ್ಕಪ್ಪನ ಕೈ ಹಿಡಿದುಕೊಂಡು, "ಏನ್ ಸಾರ್, ಕಾರಿಗೂ ಹೊಸ ಸೆಟ್ಟು ಹಾಕಿದ್ರಂತೆ?" ಎಂದುಬಿಟ್ಟರು.

ಹೊಗಳಿದರೆ ಚಿಕ್ಕಪ್ಪನನ್ನು ಹಿಡಿಯುವವರು ಯಾರು? "ಬನ್ನಿ ತೋರಿಸ್ತೀನಿ" ಎಂದು ಬಾನೆಟ್ಟು ಎತ್ತಿಯೇಬಿಟ್ಟರು. ಹೆಡ್‌ಮಾಸ್ಟರು ಬಗ್ಗಿದರು. ಟೀಚರುಗಳು ಬಗ್ಗಿದರು. ಎಲ್ಲಿ ಎಡವಟ್ಟಾಗುತ್ತದೋ ಎಂದು ಚಿಕ್ಕಮ್ಮನೂ ಕಾಲು ವಾಪಸು ತೆಗೆದುಕೊಂಡು ಬಂದು ಬಗ್ಗಿದರು. ಗುಲಾಬಿ ಡಬ್ಬಿ ನಡುಗುತ್ತಾ ಕೂತಿತ್ತು. ಹೆಡ್‌ಮಾಸ್ಟರು ನಾಲಿಗೆಯಿಂದ ತಮ್ಮ ಅಂಗುಳನ್ನು ತಡವಿಕೊಂಡದ್ದು ನನಗೆ ಕಂಡಿತು.

"ಒಂದು ಹನಿ ಗಾಳಿ ಹೊರಗೆ ಬರಲ್ಲ," ಅಂದರು ಚಿಕ್ಕಪ್ಪ. "ಮರೀ, ಆಕ್ಸಿಲರೇಟರ್ ಒತ್ತು. ಹೊಗೆ ಬರುತ್ತಾ ಅಂತ ಸಾಹೇಬರು ನೋಡಲಿ."

ಮರಿ ಅಂದರೆ ನಾನು. ಮುಂದಿನ ಸೀಟಿಗೆ ಬಂದು ಒತ್ತಿದೆ.

"ಇನ್ನೂ ಒತ್ತು!"

ಒತ್ತಿದೆ. ಮೊದಲು ಯಾರೋ ಗಂಟಲು ಸರಿಪಡಿಸಿಕೊಂಡಂಥ ಸದ್ದು. ಆಮೇಲೆ ಫಟ್! ಚಿಕ್ಕಪ್ಪ ಎಲ್ಲ ತೂತುಗಳನ್ನೂ ಮುಚ್ಚಿದ್ದರು, ಆಯಿಲ್ ಎಷ್ಟಿದೆ ಎಂದು ನೋಡುವ ಕಡ್ಡಿಯ ತೂತೊಂದನ್ನು ಬಿಟ್ಟು. ಒಳಗೆ ಜಮಾಯಿಸಿದ್ದ ಉಸಿರೆಲ್ಲ ಆ ಕಡ್ಡಿಯನ್ನು ಕಿತ್ತುಕೊಂಡು ಹೊರಗೆ ನುಗ್ಗಿತು. ಕಡ್ಡಿ ಎಲ್ಲರ ತಲೆಯ ಮೇಲೆ ಹಾರಿ ಗೇಟಿನ ಕಂಬಕ್ಕೆ ಟಣ್ಣೆಂದು ಬಡಿಯಿತು. ಅದರ ಹಿಂದೆಯೇ ಕಪ್ಪು ಆಯಿಲು ಚಿಮ್ಮಿ ಚಿಕ್ಕಪ್ಪನ ಅಂಗಿ, ಹೆಡ್‌ಮಾಸ್ಟರ ಹಣೆ, ಚಿಕ್ಕಮ್ಮನ ಶಾಲು, ಎಲ್ಲದರ ಮೇಲೂ ಸಮನಾಗಿ ಬಿತ್ತು. ನಾನು ಗಾಬರಿಯಲ್ಲಿ ಕಾಲು ತೆಗೆಯುವುದರ ಬದಲು ಇನ್ನೊಮ್ಮೆ ಒತ್ತಿದ್ದರಿಂದ ಎರಡನೆಯ ಕಂತೂ ಬಂತು.

ಎಂಜಿನ್ನು ಆರಿಸಿದೆ. ಮೊದಲು ನಕ್ಕವರು ಹೆಡ್‌ಮಾಸ್ಟರು. ಹಣೆಯಿಂದ ಆಯಿಲು ಇಳಿಯುತ್ತಿದ್ದ ಹಾಗೇ ಹೊಟ್ಟೆ ಹಿಡಿದುಕೊಂಡು, ಬಾಯಿ ಅಗಲಿಸಿ, ಗೇಟು ಹಿಡಿದುಕೊಂಡು ನಕ್ಕರು. ಅಷ್ಟು ಕುಲುಕಿದರೂ ಸೆಟ್ಟು ಒಂದಿಷ್ಟೂ ಅಲ್ಲಾಡಲಿಲ್ಲ. ಆಮೇಲೆ ಮಕ್ಕಳು, ಟೀಚರುಗಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಚಿಕ್ಕಪ್ಪ ಒಬ್ಬರೇ ನಗಲಿಲ್ಲ. ಅವರು ಶಾಲನ್ನು ನೋಡುತ್ತಿದ್ದರು.

"ಬಸ್ಸಿಗೆ ಹೋಗು," ಅಂದರು ಮೆಲ್ಲಗೆ. "ಹೊತ್ತಾಗುತ್ತೆ."

ಚಿಕ್ಕಮ್ಮ ಕದಲಲಿಲ್ಲ.

"ನನಗೆ ಬೇರೇನೂ ಬೇಕಾಗಿರಲಿಲ್ಲ ಕಣೇ. ಎಲ್ಲರೂ ನೋಡ್ತಿರುವಾಗ ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗಬೇಕು ಅಂತಿತ್ತು. ಅಷ್ಟೇ." ನನಗೆ ಕಣ್ಣು ತುಂಬಿ ಬಂತು. ಆಯಿಲು ಹೋಗಿರಬೇಕು ಎಂದು ಒರೆಸಿಕೊಂಡೆ, ಆದರೆ ಅದು ಆಯಿಲಾಗಿರಲಿಲ್ಲ.

ಚಿಕ್ಕಮ್ಮ ಹೋಗಿ ಕಂಬದ ಬುಡದಿಂದ ಕಡ್ಡಿ ಎತ್ತಿಕೊಂಡು ಬಂದರು. ಶಾಲಿನ ಅಂಚಿನಿಂದಲೇ ಅದನ್ನು ಒರೆಸಿ, ಇದ್ದ ಜಾಗಕ್ಕೆ ತುರುಕಿದರು. ಆಮೇಲೆ ಕೈಚೀಲ ತೆರೆದು, ಮಕ್ಕಳಿಗೆ ವೃತ್ತ ಬರೆಯಲು ಕಲಿಸುತ್ತಿದ್ದ ದೊಡ್ಡ ಕೈವಾರ ತೆಗೆದು, ಅದರ ಮುಳ್ಳನ್ನು ಡಬ್ಬಿಯ ಬಿರಡೆಗೆ ಇಟ್ಟು ತಿರುವತೊಡಗಿದರು. ಗುಲಾಬಿ ಪುಡಿ ಉದುರಿತು. ಕೊನೆಗೆ ತೂತು ಬಿತ್ತು.

"ಉಸಿರಾಡಲಿ ಬಿಡ್ರೀ ಅದು," ಅಂದರು. "ಡಿಕ್ಕೀಲಿ ಆಯಿಲ್ ಇದ್ರೆ ಹುಯ್ಯಿರಿ. ಮರೀ, ನೀನು ಹಿಂದೆ ಹೋಗು."

ಚಿಕ್ಕಪ್ಪ ನಂಬದವರ ಹಾಗೆ ನೋಡಿದರು. "ವಾಸನೆ ಬರುತ್ತೆ."

"ಬರಲಿ."

ಹೀಗೆ ಚಿಕ್ಕಮ್ಮ ಎಲ್ಲರೂ ನೋಡುತ್ತಿದ್ದ ಹಾಗೇ ಹತ್ತಿ ಮುಂದೆ ಕೂತರು. ಕಿಟಕಿಗಳನ್ನೆಲ್ಲ ಇಳಿಸಿದೆವು. ಮಕ್ಕಳು ಕೈ ಬೀಸುತ್ತಾ ಕೆಮ್ಮುತ್ತಾ ಗೇಟಿನಾಚೆಯವರೆಗೆ ಓಡಿಬಂದರು. ತಿರುವು ದಾಟಿದ ಮೇಲೆ ಚಿಕ್ಕಮ್ಮ ಕರವಸ್ತ್ರವನ್ನು ಮೂಗಿನಿಂದ ತೆಗೆದು ಹೇಳಿದರು:

"ನಾನು ಕಾರು ಬಿಟ್ಟಿದ್ದು ವಾಸನೆಗೆ ಅಂದ್ಕೊಂಡ್ರಾ?"

"ಮತ್ತೆ?"

"ನೀವು ಕಾರು ಹತ್ತಿದ್ರೆ ಎಂಜಿನ್ ಸದ್ದು ಕೇಳ್ತಿದ್ರಿ. ನಾನು ಬಾಯಿ ತೆಗೆದ್ರೆ ಸಾಕು, 'ಶ್, ಸುಮ್ನಿರು, ಏನೋ ಸದ್ದು ಬರ್ತಿದೆ' ಅಂತಿದ್ರಿ. ದಿನಾ ಶಾಲೆಯಿಂದ ಮನೆಗೆ ಬರೋವರೆಗೂ ಶ್. ಬಸ್ಸಲ್ಲಿ ಪಕ್ಕದಲ್ಲಿ ಕೂತವರಾದ್ರೂ ನನ್ನ ಮಾತು ಕೇಳ್ತಿದ್ರು."

ಚಿಕ್ಕಪ್ಪನ ಕಿವಿಯ ತುದಿ ಕೆಂಪಾದದ್ದು ಹಿಂದಿನ ಸೀಟಿಗೂ ಕಾಣುತ್ತಿತ್ತು. ಚಿಕ್ಕಮ್ಮ ಉತ್ತರಕ್ಕೆ ಕಾಯದೆ ಸಭೆಯ ಕಥೆ ಶುರುಮಾಡಿದರು. ಹಾಡಬೇಕಾಗಿದ್ದ ಟೀಚರು ಪದ ಮರೆತದ್ದು, ಮೊದಲ ಸಾಲಿನ ಹುಡುಗಿಯೊಬ್ಬಳು ಚಿಕ್ಕಮ್ಮನ ಚಿತ್ರ ಬರೆದು ಮೂಗು ದೊಡ್ಡದಾಯಿತೆಂದು ಅತ್ತದ್ದು. ಏರು ಹತ್ತುವಾಗ ಎಂಜಿನ್ನಿನಿಂದ ಹೊಸದೊಂದು ಸದ್ದು ಹೊರಟಿತು. ಟಕ್ ಟಕ್ ಟಕ್. ನನಗೇ ಕೇಳಿತೆಂದರೆ ಚಿಕ್ಕಪ್ಪನಿಗೆ ಎದೆಗೇ ಬಡಿದಿರಬೇಕು. ಅವರ ಕತ್ತು ಆ ಕಡೆ ವಾಲಿತು. ಬಾಯಿ ತೆರೆಯಿತು, ತುಟಿ 'ಶ್' ಎನ್ನುವ ಆಕಾರಕ್ಕೂ ಬಂತು.

"ಆಮೇಲೆ?" ಅಂದರು. "ಆ ಹುಡುಗೀಗೆ ನೀನೇನು ಹೇಳಿದೆ?"

ಚಿಕ್ಕಮ್ಮ ಒಂದು ಗಳಿಗೆ ಅವರ ಮುಖ ನೋಡಿ, ಕಥೆ ಮುಂದುವರಿಸಿದರು. ಟಕ್ ಟಕ್ ಟಕ್ ಎನ್ನುತ್ತಾ ಕಾರು ಮಾರ್ಕೆಟ್ಟು ದಾಟಿತು, ಬಿಚ್ಚೋಣನ ಗ್ಯಾರೇಜು ದಾಟಿತು. ಅಲ್ಲಿ ಅವನು ಸದ್ದು ಕೇಳಿ ಸ್ಪ್ಯಾನರು ಹಿಡಿದುಕೊಂಡೇ ರಸ್ತೆಗೆ ಓಡಿಬಂದ. ಚಿಕ್ಕಪ್ಪ ನಿಲ್ಲಿಸಲಿಲ್ಲ, "ಆಮೇಲೆ?" ಅಂದರು. ಮನೆಯ ಮುಂದೆ ಕಾರು ನಿಂತಾಗ ಹೆಡ್‌ಮಾಸ್ಟರ ಭಾಷಣ ಇನ್ನೂ ಅರ್ಧದಲ್ಲಿತ್ತು. ನಾನು ಇಳಿದು ಚಿಕ್ಕಮ್ಮನ ಕಡೆಯ ಬಾಗಿಲು ತೆಗೆಯಲು ಹೋದೆ.

ಚಿಕ್ಕಮ್ಮ ಒಳಗಿನಿಂದಲೇ ಬಾಗಿಲು ಹಿಡಿದುಕೊಂಡರು. "ನೀನು ಹೋಗಿ ಕಾಫಿಗೆ ಇಡು," ಅಂದರು. "ರೀ, ಇನ್ನೊಂದು ಸುತ್ತು ಹೋಗಿಬರೋಣ. ಕಥೆ ಮುಗಿದಿಲ್ಲ."